ಪಿ.ಡಿ.ಎಫ್. ದಾಖಲೆಗಳ ಪರಿಷ್ಕರಣ: ಮುಕ್ತ ತಂತ್ರಾಂಶಗಳ ಬಳಕೆಯೂ ಇತಿಹಾಸದ ಅಭ್ಯಾಸಿಯ ಹೊಣೆಯೂ

ಕುಮಾರಧಾರೆಯ ದಡದ ಸುಬ್ರಹ್ಮಣ್ಯವು ಯಾವ ತಾಲ್ಲೂಕಿಗೆ ಸೇರಿದುದೆಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಉತ್ತರವು ಕೈಯಲ್ಲಿರುವ ದಾಖಲೆಯ ಕಾಲವನ್ನು ಅನುಸರಿಸುತ್ತದೆ. ಮದರಾಸು ಸರಕಾರವು 1894ರಲ್ಲಿ ಸ್ಟರಾಕನ ದಕ್ಷಿಣ ಕನ್ನಡ ಜಿಲ್ಲಾ ಕೈಪಿಡಿಯನ್ನು ಪ್ರಕಟಿಸಿದ ಕಾಲಕ್ಕೆ ಜಿಲ್ಲೆಯಲ್ಲಿದ್ದುದು ಐದೇ ತಾಲ್ಲೂಕುಗಳು. ಘಟ್ಟದ ಬುಡದ ಈ ಸೀಮೆಯೆಲ್ಲ ಆಗ ಉಪ್ಪಿನಂಗಡಿ ತಾಲ್ಲೂಕೆನಿಸಿತ್ತು. ಮುಂದೆ ಪುತ್ತೂರು ತಾಲ್ಲೂಕೆಂಬ ಹೆಸರು ರೂಢಿಗೆ ಬಂದಿತು. 1960ರ ದಶಕದಲ್ಲಿ ಸುಳ್ಯವು ಪ್ರತ್ಯೇಕ ತಾಲ್ಲೂಕಾಯಿತು. 2017ರಲ್ಲಿ ಘೋಷಿತವಾದ ಕಡಬ ತಾಲ್ಲೂಕಿಗೆ ಸುಬ್ರಹ್ಮಣ್ಯವು ಈಗ ಸೇರಿದೆ. ಈ ಎಲ್ಲ ಕಾಲಗಳ ದಾಖಲೆಗಳೂ ಇಂದು ವಿದ್ಯಾರ್ಥಿಯ ಕೈಗೆ ಬರುವುದು ಬಹುಮಟ್ಟಿಗೆ ಪಿ.ಡಿ.ಎಫ್. ರೂಪದಲ್ಲಿಯೇ. ಹಳೆಯ ದೇವಾಲಯಪಟ್ಟಿಯೊಂದರಲ್ಲಿ ‘ಸುಳ್ಯ ತಾಲ್ಲೂಕು’ ಎಂದಿರುವುದನ್ನು ‘ಕಡಬ ತಾಲ್ಲೂಕು’ ಎಂದು ತಿದ್ದಲು ವಿದ್ಯಾರ್ಥಿಯೊಬ್ಬನು ಬಯಸಿದರೆ ಅದಕ್ಕೆ ಬೇಕಾದ ಸಾಧನಗಳು ಕಾಸಿನ ಖರ್ಚಿಲ್ಲದೆ ದೊರೆಯುತ್ತವೆ. ತಿದ್ದುವುದು ಹೇಗೆ ಎಂಬುದು ಒಂದು ಪ್ರಶ್ನೆ. ತಿದ್ದಬೇಕೆ ಎಂಬುದು ಇನ್ನೊಂದು. ಪ್ರಕೃತ ಲೇಖನದಲ್ಲಿ ಮೊದಲನೆಯದನ್ನು ಕೊಂಚ ವಿಸ್ತಾರವಾಗಿ ವಿವರಿಸಿ, ಎರಡನೆಯದರ ವಿಷಯದಲ್ಲಿ ನನಗೆ ತೋರಿದ ಅಭಿಪ್ರಾಯವನ್ನು ನಿವೇದಿಸಿದ್ದೇನೆ.

ಪಿ.ಡಿ.ಎಫ್. ಎಂಬುದು ಅಡೋಬಿ ಸಂಸ್ಥೆಯು 1993ರಲ್ಲಿ ಹೊರತಂದ ದಾಖಲಾವಿನ್ಯಾಸ. 2008ರಲ್ಲಿ ಅದು ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯ ಅಂಗೀಕಾರವನ್ನು ಪಡೆದು, ಯಾರು ಬೇಕಾದರೂ ಅದನ್ನು ಓದುವ ಮತ್ತು ಬರೆಯುವ ತಂತ್ರಾಂಶಗಳನ್ನು ರಚಿಸಬಹುದಾದ ಮುಕ್ತ ಮಾನಕವಾಯಿತು. ಯಾವ ಗಣಕಯಂತ್ರದಲ್ಲಿ ತೆರೆದರೂ, ಯಾವ ಯಂತ್ರದಿಂದ ಮುದ್ರಿಸಿದರೂ ಪುಟವು ಒಂದೇ ತೆರನಾಗಿ ಕಾಣಬೇಕೆಂಬುದು ಅದರ ಉದ್ದೇಶ. ಇಲ್ಲಿಯೇ ಅದರ ಗುಣವೂ ಇದೆ, ತೊಡಕೂ ಇದೆ. ಮೊಳೆ ಜೋಡಿಸಿ ಅಚ್ಚುಹಾಕುವ ಮುದ್ರಣಾಲಯವನ್ನು ಕಂಡವರಿಗೆ ಇದು ಬೇಗ ತಿಳಿಯುತ್ತದೆ. ಮೊಳೆಗಳನ್ನು ಚೌಕಟ್ಟಿನಲ್ಲಿ ಬಿಗಿದ ಮೇಲೆ ಅಲ್ಲಿ ವಾಕ್ಯವಿಲ್ಲ, ಪರಿಚ್ಛೇದವಿಲ್ಲ. ಇಂತಹ ಸ್ಥಾನದಲ್ಲಿ ಇಂತಹ ಮೊಳೆ ಎಂಬುದಷ್ಟೇ ಇದೆ. ಪಿ.ಡಿ.ಎಫ್. ಕಡತದ ಒಳಗಿರುವುದೂ ಸಾಮಾನ್ಯವಾಗಿ ಅಂತಹ ಪಟ್ಟಿಯೇ: ಪುಟದ ಈ ಬಿಂದುವಿನಲ್ಲಿ ಈ ಅಕ್ಷರಮಾದರಿಯ ಇಷ್ಟನೆಯ ಆಕೃತಿಯನ್ನು ಇಡು ಎಂಬ ಆಜ್ಞೆಗಳ ಸಾಲು. ಒಂದು ಪದವನ್ನು ಉದ್ದಮಾಡಿದರೆ ಮುಂದಿನ ಪದವು ತಾನಾಗಿ ಸರಿಯುವುದಿಲ್ಲ. ಬಿಗಿದ ಚೌಕಟ್ಟಿನಲ್ಲಿ ಮೊಳೆ ತುರುಕಿದಂತೆ ಒಂದರ ಮೇಲೊಂದು ಏರುತ್ತದೆ. ಬೆರಳಚ್ಚಿನ ತಂತ್ರಾಂಶದಲ್ಲಿ ಬರೆದ ಕಡತವನ್ನು ತಿದ್ದುವಷ್ಟು ಸುಲಭವಾಗಿ ಇದನ್ನು ತಿದ್ದಲಾಗದಿರುವುದಕ್ಕೆ ಇದೇ ಕಾರಣ. ಯಾರೋ ಬೀಗ ಹಾಕಿರುವರೆಂದು ಹಲವರು ಭಾವಿಸುವರು. ಬೀಗವು ಕೆಲವು ಕಡತಗಳಿಗೆ ಮಾತ್ರ ಇರುತ್ತದೆ.

ಕನ್ನಡದ ಕಡತಗಳಲ್ಲಿ ಈ ತೊಡಕು ಇಮ್ಮಡಿಯಾಗುತ್ತದೆ. ಯೂನಿಕೋಡ್ ಸಂಕೇತವಿಧಾನವು ರೂಢಿಗೆ ಬರುವ ಮುನ್ನ, ಮತ್ತು ಅನೇಕ ಮುದ್ರಣಾಲಯಗಳಲ್ಲಿ ಆ ಬಳಿಕವೂ, ಕನ್ನಡವನ್ನು ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಮಾದರಿಗಳಲ್ಲಿ ಜೋಡಿಸುತ್ತಿದ್ದರು. ಅವುಗಳಲ್ಲಿ ಕನ್ನಡಾಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಮನೆಗಳಲ್ಲಿ ಕೂರಿಸಲಾಗಿದೆ. ಉದಾಹರಣೆಗೆ ನುಡಿಯಲ್ಲಿ ‘ಕನ್ನಡ’ ಎಂಬ ಪದವನ್ನು ತೆಗೆದುಕೊಳ್ಳೋಣ. ತಲೆಕಟ್ಟಿಲ್ಲದ ‘ಕ’ಕಾರವು ಇಂಗ್ಲಿಷಿನ ‘ಪಿ’ ಎಂಬ ದೊಡ್ಡಕ್ಷರದ ಮನೆಯಲ್ಲಿದೆ, ‘ನ’ಕಾರದ ದೇಹವು ಬ್ರಿಟಿಷ್ ಪೌಂಡು ನಾಣ್ಯದ ಚಿಹ್ನೆಯ ಮನೆಯಲ್ಲಿದೆ, ತಲೆಕಟ್ಟಿಗೆ ಬೇರೊಂದು ಮನೆ, ನಕಾರದ ಒತ್ತಿಗೆ ಮತ್ತೊಂದು. ಹೀಗೆ ಏಳು ಸಂಕೇತಗಳು ಕೂಡಿ ಆ ಪದವಾಗುತ್ತದೆ. ಯೂನಿಕೋಡಿನಲ್ಲಾದರೋ ಕ, ನ, ವಿರಾಮಚಿಹ್ನೆ, ನ, ಡ ಎಂದು ಐದೇ ಸಂಕೇತಗಳು, ಅದೂ ಉಚ್ಚಾರಣೆಯ ಕ್ರಮದಲ್ಲಿ. ಕಣ್ಣಿಗೆ ಎರಡೂ ಒಂದೇ. ಹುಡುಕುವ ಯಂತ್ರಕ್ಕೆ ಮೊದಲನೆಯದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಆದಕಾರಣವೇ ಇನ್ನೂರು ಪುಟಗಳ ಸಂಪ್ರಬಂಧವೊಂದರಲ್ಲಿ ‘ಬೆಳ್ಳಾರೆ’ ಎಂದು ಹುಡುಕಿದರೆ ಒಂದು ಸಲವೂ ಸಿಕ್ಕದೆ, ಪುಟ ತಿರುಗಿಸಿ ನೋಡಿದರೆ ಹತ್ತಾರು ಕಡೆ ಬೆಳ್ಳಾರೆಯ ಹೆಸರು ಕಾಣಬಹುದು. 1837ರ ಅಮರಸುಳ್ಯದ ಬಂಡಾಯದಲ್ಲಿ ಬಂಡಾಯಗಾರರು ವಶಪಡಿಸಿಕೊಂಡ ಸರಕಾರಿ ಖಜಾನೆಯಿದ್ದ ಊರು ಅದು. ಆ ಬಂಡಾಯವನ್ನು ಕುರಿತು ಕನ್ನಡದಲ್ಲಿ ಬರೆದುದು ಹುಡುಕಾಟಕ್ಕೆ ಸಿಕ್ಕದೆ, ಇಂಗ್ಲಿಷಿನಲ್ಲಿ ಬರೆದುದು ಕೂಡಲೆ ಸಿಕ್ಕುವುದಾದರೆ, ಮುಂದಿನ ತಲೆಮಾರಿನ ಅಭ್ಯಾಸಿಗಳು ಯಾವುದನ್ನು ಆಧಾರವಾಗಿಟ್ಟುಕೊಳ್ಳುವರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯೂನಿಕೋಡಿನಲ್ಲಿ ಸಿದ್ಧಪಡಿಸಿದ ಕಡತಗಳೂ ಪೂರ್ಣ ನಿರ್ದೋಷವಲ್ಲ. ಪುಟದ ಮೇಲೆ ಆಕೃತಿಗಳನ್ನು ಇಡುವ ಕ್ರಮವು ಉಚ್ಚಾರಣೆಯ ಕ್ರಮವಲ್ಲ. ‘ಧರ್ಮ’ ಎಂಬಲ್ಲಿ ರಕಾರವು ಮಕಾರಕ್ಕೆ ಮೊದಲು ಉಚ್ಚರಿತವಾದರೂ ಅರ್ಕಾವೊತ್ತಾಗಿ ಅದರ ಬಲಕ್ಕೆ ಕೂಡುತ್ತದೆ. ಆಕೃತಿಯಿಂದ ಸಂಕೇತಕ್ಕೆ ಮರಳುವ ದಾರಿಯನ್ನು ತೋರಿಸುವ ಕೋಷ್ಟಕವು ಕಡತದೊಳಗೆ ಸರಿಯಾಗಿ ಇರದಿದ್ದರೆ, ನಕಲು ಮಾಡಿ ತೆಗೆದ ಪಾಠದಲ್ಲಿ ಒತ್ತುಗಳೂ ಅರ್ಕಾವೊತ್ತುಗಳೂ ಸ್ಥಾನಭ್ರಷ್ಟವಾಗಿ ಬರುತ್ತವೆ.

ಮೂರನೆಯದೊಂದು ವರ್ಗವಿದೆ: ಹಳೆಯ ಪುಸ್ತಕಗಳ ಛಾಯಾಪ್ರತಿಗಳು. ದಕ್ಷಿಣ ಕನ್ನಡ ಜಿಲ್ಲೆಯು 1956ರವರೆಗೆ ಮದರಾಸಿಗೆ ಸೇರಿದ್ದುದರಿಂದ ನಮ್ಮ ಶಾಸನಗಳನ್ನು ರೈಸರ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಅರಸಿ ಫಲವಿಲ್ಲ. ‘ದಕ್ಷಿಣ ಭಾರತದ ಶಾಸನಗಳು’ ಮಾಲೆಯ ಏಳನೆಯ ಸಂಪುಟವೇ ಮೊದಲಾದವನ್ನು ನೋಡಬೇಕು. ಅಂತಹ ಸಂಪುಟಗಳ ಪಿ.ಡಿ.ಎಫ್.ಗಳು ಪುಟಗಳ ಚಿತ್ರಗಳು ಮಾತ್ರ. ಅವುಗಳಲ್ಲಿ ಅಕ್ಷರವೆಂಬುದೇ ಇಲ್ಲ, ಮಸಿಯ ನೆರಳಿದೆ. ಕೆಲವಕ್ಕೆ ಚಿತ್ರದ ಹಿಂದೆ ಯಂತ್ರವು ಓದಿದ ಪಾಠವನ್ನು ಅಡಗಿಸಿರುತ್ತಾರೆ. ಅದನ್ನು ನಂಬುವ ಮುನ್ನ ಒಂದು ಪುಟವನ್ನಾದರೂ ಮೂಲದೊಡನೆ ಹೋಲಿಸಬೇಕು.

ಒಂದು ಕಡತವು ಈ ಮೂರರಲ್ಲಿ ಯಾವುದೆಂದು ತಿಳಿಯುವುದು ಕಷ್ಟವಲ್ಲ. ಒಂದು ಸಾಲನ್ನು ಗುರುತಿಸಿ, ನಕಲು ಮಾಡಿ, ಬೇರೆಡೆ ಅಂಟಿಸಿ ನೋಡಿದರಾಯಿತು. ಕನ್ನಡವು ಕನ್ನಡವಾಗಿಯೇ ಬಂದರೆ ಯೂನಿಕೋಡು. ಇಂಗ್ಲಿಷ್ ಅಕ್ಷರಗಳ ಗೊಂದಲ ಬಂದರೆ ಹಳೆಯ ಅಕ್ಷರಮಾದರಿ. ಸಾಲನ್ನು ಗುರುತಿಸಲೇ ಆಗದಿದ್ದರೆ ಬರಿಯ ಚಿತ್ರ. ಪಾಪ್ಲರ್ ಎಂಬ ಮುಕ್ತ ಸಾಧನಗಳ ಗುಚ್ಛದಲ್ಲಿರುವ ‘ಪಿಡಿಎಫ್‌ಫಾಂಟ್ಸ್’ ಎಂಬುದು ಕಡತದಲ್ಲಿರುವ ಅಕ್ಷರಮಾದರಿಗಳ ಹೆಸರುಗಳನ್ನೇ ಪಟ್ಟಿಮಾಡಿ ಕೊಡುತ್ತದೆ. ತಿದ್ದುವ ಕೆಲಸಕ್ಕೆ ಕೈಹಾಕುವ ಮೊದಲು ಈ ಪರೀಕ್ಷೆಯನ್ನು ಮಾಡದವರು ವೃಥಾ ಶ್ರಮಪಡುವರು.

ಇನ್ನು ಸಾಧನಗಳ ವಿಚಾರ. ಮುಕ್ತ ತಂತ್ರಾಂಶವೆಂದರೆ ಬೆಲೆಯಿಲ್ಲದುದೆಂದಷ್ಟೇ ಅರ್ಥವಲ್ಲ. ಅದರ ಮೂಲಬರಹವನ್ನು ಯಾರಾದರೂ ನೋಡಿ, ತಿದ್ದಿ, ಹಂಚಬಹುದೆಂಬುದು ಅದರ ಮುಖ್ಯ ಲಕ್ಷಣ. ನಮ್ಮ ಮೂರು ತಾಲ್ಲೂಕುಗಳ ಕಾಲೇಜುಗಳಿಗೆ ಇದರಿಂದ ಎರಡು ಲೌಕಿಕ ಪ್ರಯೋಜನಗಳಿವೆ. ವರ್ಷವರ್ಷವೂ ಬಾಡಿಗೆ ತೆರಬೇಕಾದ ತಂತ್ರಾಂಶವನ್ನು ಕೊಳ್ಳಲಾರದೆ ಕದ್ದ ಪ್ರತಿಯನ್ನು ಬಳಸುವ ದುರಭ್ಯಾಸವು ತಪ್ಪುತ್ತದೆ. ಮಳೆಗಾಲದಲ್ಲಿ ಘಟ್ಟದ ಬುಡದ ಊರುಗಳಲ್ಲಿ ಅಂತರ್ಜಾಲವು ದಿನಗಟ್ಟಲೆ ಕೈಕೊಟ್ಟಾಗಲೂ ಸ್ವಂತ ಯಂತ್ರದಲ್ಲಿ ಸ್ಥಾಪಿಸಿಕೊಂಡ ತಂತ್ರಾಂಶವು ಕೆಲಸಮಾಡುತ್ತದೆ. ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಪಿ.ಡಿ.ಎಫ್. ತಿದ್ದಿಕೊಡುವ ತಾಣಗಳೂ ಇವೆಯಲ್ಲ ಎನ್ನಬಹುದು. ಅಲ್ಲಿ ನಮ್ಮ ಕಡತವು ಮೊದಲು ಅನ್ಯರ ಯಂತ್ರಕ್ಕೆ ಹೋಗುತ್ತದೆ. ಭೂಸುಧಾರಣೆಯನ್ನು ಕುರಿತು ಕ್ಷೇತ್ರಕಾರ್ಯ ಮಾಡುವ ವಿದ್ಯಾರ್ಥಿಯ ಬಳಿ, 1974ರ ಬಳಿಕ ಗೇಣಿದಾರರು ನಮೂನೆ 7ರಲ್ಲಿ ಸಲ್ಲಿಸಿದ, ನಮ್ಮ ಕಡೆಯ ಜನರು ‘ಡಿಕ್ಲರೇಶನ್’ ಎಂದೇ ಕರೆಯುವ ಅರ್ಜಿಗಳ ಪ್ರತಿಗಳಿರಬಹುದು. ಅವುಗಳಲ್ಲಿ ಮನೆತನಗಳ ಹೆಸರುಗಳೂ ಸರ್ವೆ ನಂಬರುಗಳೂ ಇರುತ್ತವೆ. ನಂಬಿ ಕೊಟ್ಟವರ ಕಾಗದಪತ್ರಗಳನ್ನು ಹೀಗೆ ಅಪರಿಚಿತರಿಗೆ ಒಪ್ಪಿಸುವುದು ಸರಿಯಲ್ಲ.

ಪುಟಗಳನ್ನು ಕೂಡಿಸುವುದು, ಬೇರ್ಪಡಿಸುವುದು, ತಲೆಕೆಳಗಾದುದನ್ನು ತಿರುಗಿಸುವುದು, ಅಂಚನ್ನು ಕತ್ತರಿಸುವುದು ಇವಕ್ಕೆ ಪಿ.ಡಿ.ಎಫ್. ಅರೇಂಜರ್ ಸಾಕು, ಅದರಲ್ಲಿ ಪುಟಗಳು ಇಸ್ಪೀಟಿನ ಎಲೆಗಳಂತೆ ಎದುರಿಗೆ ಹರಡಿಕೊಳ್ಳುತ್ತವೆ. ಅಂಚಿನಲ್ಲಿ ಟಿಪ್ಪಣಿ ಬರೆಯಲು, ಸಾಲಿಗೆ ಬಣ್ಣ ಹಚ್ಚಲು ಒಕ್ಯುಲರ್ ಒಳ್ಳೆಯದು. ಪುಟದ ಮೇಲಿನ ಅಕ್ಷರಗಳನ್ನೇ ಬದಲಿಸಬೇಕಾದರೆ ಲಿಬ್ರೆ ಆಫೀಸಿನ ಡ್ರಾ ಎಂಬ ವಿಭಾಗವನ್ನು ಆಶ್ರಯಿಸಬೇಕು. ಅದು ಪಿ.ಡಿ.ಎಫ್. ಕಡತವನ್ನು ಚಿತ್ರಪಟದಂತೆ ತೆರೆದು, ಒಂದೊಂದು ಸಾಲನ್ನೂ, ಕೆಲವೊಮ್ಮೆ ಸಾಲಿನ ತುಂಡನ್ನೂ, ಒಂದೊಂದು ಪೆಟ್ಟಿಗೆಯಾಗಿ ಮುಂದಿಡುತ್ತದೆ. ಪೆಟ್ಟಿಗೆಯೊಳಗೆ ತಿದ್ದಿ ಮತ್ತೆ ಪಿ.ಡಿ.ಎಫ್. ಆಗಿ ಹೊರತರಬಹುದು. ಮೂಲದ ಅಕ್ಷರಮಾದರಿಯು ನಮ್ಮ ಯಂತ್ರದಲ್ಲಿ ಇರದಿದ್ದರೆ ಡ್ರಾ ಬೇರೊಂದನ್ನು ಹಾಕಿಬಿಡುತ್ತದೆ; ಆಗ ನುಡಿಯಲ್ಲಿದ್ದ ಕನ್ನಡ ಪುಟವೆಲ್ಲ ಇಂಗ್ಲಿಷ್ ಅಕ್ಷರಗಳಾಗಿ ಚೆಲ್ಲಾಪಿಲ್ಲಿಯಾಗುತ್ತದೆ. ಅದೇ ಅಕ್ಷರಮಾದರಿಯನ್ನು ಮೊದಲು ಸ್ಥಾಪಿಸಿಕೊಂಡರೆ ಈ ಉಪದ್ರವವು ತಪ್ಪುತ್ತದೆ. ಒಂದೆರಡು ಪುಟಗಳ ಕೆಲಸಕ್ಕೆ, ಅದರಲ್ಲಿಯೂ ನಕ್ಷೆಗಳಿಗೆ, ಇಂಕ್‌ಸ್ಕೇಪ್ ಹೆಚ್ಚು ಅನುಕೂಲ. ಮಾತಿಗೆ ಪ್ರಶ್ನಪತ್ರಿಕೆಯ ತೇದಿ, ನಮ್ಮದೇ ಪಾಠಟಿಪ್ಪಣಿಯ ಅಕ್ಷರದೋಷ ಮುಂತಾದ ಚಿಕ್ಕಪುಟ್ಟ ತಿದ್ದುಪಡಿಗಳಿಗೆ ಇಷ್ಟು ಧಾರಾಳವಾಗಿ ಸಾಕು. ಮೂವತ್ತು ಪುಟಗಳ ಲೇಖನವನ್ನು ಡ್ರಾದಲ್ಲಿ ತಿದ್ದಹೊರಡುವುದಕ್ಕಿಂತ ಪಾಠವನ್ನು ಹೊರತೆಗೆದು ಹೊಸದಾಗಿ ಜೋಡಿಸುವುದೇ ಲೇಸು.

ಛಾಯಾಪ್ರತಿಗಳಿಗೆ ಟೆಸೆರಾಕ್ಟ್ ಎಂಬ ಅಕ್ಷರವಾಚಕ ಯಂತ್ರಾಂಶವಿದೆ. 1980ರ ದಶಕದಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯಲ್ಲಿ ಹುಟ್ಟಿ, 2005ರಲ್ಲಿ ಮುಕ್ತವಾಗಿ, ಇದೀಗ ಕನ್ನಡವನ್ನೂ ಓದುತ್ತದೆ. ಓಸಿಆರ್‌ಮೈಪಿಡಿಎಫ್ ಎಂಬ ಇನ್ನೊಂದು ಸಾಧನವು ಟೆಸೆರಾಕ್ಟಿನಿಂದ ಓದಿಸಿದ ಪಾಠವನ್ನು ಪುಟದ ಚಿತ್ರಕ್ಕೆ ಕಾಣದಂತೆ ಜೋಡಿಸಿ, ಕಡತವನ್ನು ಹುಡುಕಲು ತಕ್ಕುದಾಗಿ ಮಾಡುತ್ತದೆ. ಪುಟಗಳು ವಾರೆಯಾಗಿದ್ದರೆ, ಕಲೆಬಿದ್ದಿದ್ದರೆ ಸ್ಕ್ಯಾನ್ ಟೈಲರ್‌ನಿಂದ ಮೊದಲು ಶುದ್ಧಮಾಡಿಕೊಂಡಲ್ಲಿ ಫಲವು ಉತ್ತಮ. ಆದರೂ ಹಳೆಯ ಅಚ್ಚಿನ ಕನ್ನಡದಲ್ಲಿ ಯಂತ್ರವು ಎಡವುವ ಸ್ಥಳಗಳು ಇತಿಹಾಸದ ಅಭ್ಯಾಸಿಗೆ ಅಪಾಯಕಾರಿಯಾದವೇ ಆಗಿವೆ. ಕನ್ನಡದ ಸೊನ್ನೆಗೂ ಅನುಸ್ವಾರಕ್ಕೂ ಆಕೃತಿಯಲ್ಲಿ ಭೇದವಿಲ್ಲ. ಒಂಬತ್ತಕ್ಕೂ ಅರ್ಕಾವೊತ್ತಿಗೂ ಭೇದವು ಅತ್ಯಲ್ಪ. ಪದದ ನಡುವಿನ ಅನುಸ್ವಾರವು ಕೆಟ್ಟರೆ ಓದುಗನೇ ಸರಿಪಡಿಸಿಕೊಂಡಾನು. ಶಕವರ್ಷದ ಅಂಕೆಯೊಂದು ತಪ್ಪಾದರೆ ಶಾಸನವು ಒಂದು ಶತಮಾನ ಹಿಂದಕ್ಕೋ ಮುಂದಕ್ಕೋ ಸರಿಯಬಹುದು. ಆದಕಾರಣ ಯಂತ್ರವು ಓದಿದ ಪಾಠದಲ್ಲಿ ಉಳಿದುದನ್ನು ಬಿಟ್ಟರೂ ಅಂಕೆಗಳನ್ನೂ ಸ್ಥಳನಾಮಗಳನ್ನೂ ಒಂದೊಂದಾಗಿ ಮೂಲಚಿತ್ರದೊಡನೆ ಒಪ್ಪವಿಟ್ಟು ನೋಡತಕ್ಕದ್ದು.

ಈಗ ಎರಡನೆಯ ಪ್ರಶ್ನೆಗೆ ಬರೋಣ. ಶಾಸನವನ್ನು ಸಂಪಾದಿಸುವವನು ಅಳಿಸಿಹೋದ ಅಕ್ಷರವನ್ನು ಊಹಿಸಿ ತುಂಬಿದಾಗ ಅದನ್ನು ಚೌಕ ಕಂಸದೊಳಗಿಡುತ್ತಾನೆ. ಲಿಪಿಕಾರನ ತಪ್ಪನ್ನು ಕಂಡರೆ ಪಾಠವನ್ನು ಇದ್ದಂತೆಯೇ ಮುದ್ರಿಸಿ ಅಡಿಟಿಪ್ಪಣಿಯಲ್ಲಿ ಸರಿಯಾದ ರೂಪವನ್ನು ಸೂಚಿಸುತ್ತಾನೆ. ಕಲ್ಲಿನ ಮೇಲೆ ಉಳಿಯಿಟ್ಟು ತಿದ್ದುವವನನ್ನು ನಾವು ಸಂಪಾದಕನೆನ್ನುವುದಿಲ್ಲ. ಪಿ.ಡಿ.ಎಫ್. ವಿಷಯದಲ್ಲಿ ಟಿಪ್ಪಣಿ ಹಚ್ಚುವುದಕ್ಕೂ ಪುಟದ ಅಕ್ಷರವನ್ನೇ ಬದಲಿಸುವುದಕ್ಕೂ ಇರುವ ವ್ಯತ್ಯಾಸವು ಇದೇ. ಟಿಪ್ಪಣಿಯು ಪುಟಕ್ಕಿಂತ ಬೇರೆಯಾದ ಪದರದಲ್ಲಿ ನಿಲ್ಲುತ್ತದೆ, ಬೇಡವಾದಾಗ ತೆಗೆಯಬಹುದು, ಯಾರು ಯಾವಾಗ ಬರೆದರೆಂಬುದನ್ನೂ ಅದರಲ್ಲಿ ದಾಖಲಿಸಬಹುದು. ಸುಬ್ರಹ್ಮಣ್ಯದ ಮುಂದೆ ‘ಸುಳ್ಯ ತಾಲ್ಲೂಕು’ ಎಂದಿರುವ ಪಟ್ಟಿಯು ತಪ್ಪುಪಟ್ಟಿಯಲ್ಲ. ಅದು ಅಂದಿನ ಆಡಳಿತದ ಸಾಕ್ಷಿ. ಆ ಅಕ್ಷರಗಳನ್ನು ಅಳಿಸಿ ‘ಕಡಬ’ವನ್ನು ಕೂರಿಸಿದರೆ, ಪಟ್ಟಿಯ ಕಾಲವನ್ನು ನಿರ್ಣಯಿಸಲು ಮುಂದಿನವರಿಗೆ ಒದಗುತ್ತಿದ್ದ ಒಂದು ಒಳಸಾಕ್ಷ್ಯವನ್ನು ನಾಶಮಾಡಿದಂತಾಗುತ್ತದೆ. ಅಲ್ಲಿ ಹಚ್ಚಬೇಕಾದುದು ಒಂದು ಟಿಪ್ಪಣಿ ಮಾತ್ರ.

ತಿದ್ದಿದುದು ಯಾರಿಗೂ ತಿಳಿಯದೆಂದು ಎಣಿಸುವವರು ಕಡತದ ರಚನೆಯನ್ನು ಅರಿಯದವರು. ಪಿ.ಡಿ.ಎಫ್. ಮಾನಕದಲ್ಲಿ, ಬದಲಾವಣೆಗಳನ್ನು ಕಡತದ ಕೊನೆಗೆ ಸೇರಿಸಿ, ಹಳೆಯ ಭಾಗವನ್ನು ಹಾಗೆಯೇ ಒಳಗೆ ಬಿಡುವ ವಿಧಾನವೊಂದುಂಟು. ಹಾಗೆ ಉಳಿಸಿದ ಕಡತಗಳಲ್ಲಿ, ಹಳೆಯ ಬರಹವನ್ನು ಹೆರೆದು ಮತ್ತೆ ಬರೆದ ಚರ್ಮಪತ್ರದಲ್ಲಿ ಕಾಣುವಂತೆ, ಪೂರ್ವಪಾಠವನ್ನು ಬಲ್ಲವರು ಹೊರತೆಗೆಯಬಲ್ಲರು. ಕಪ್ಪು ಪಟ್ಟಿಯೆಳೆದು ಹೆಸರನ್ನು ಮರೆಮಾಡುವ ಕ್ರಮವಂತೂ ಇನ್ನೂ ದುರ್ಬಲ. ಪಟ್ಟಿಯ ಕೆಳಗೆ ಅಕ್ಷರಗಳು ಉಳಿದಿರುತ್ತವೆ. 2019ರ ಜನವರಿಯಲ್ಲಿ ಅಮೆರಿಕೆಯಲ್ಲಿ ಪಾಲ್ ಮ್ಯಾನಫೋರ್ಟನ ವಕೀಲರು ನ್ಯಾಯಾಲಯಕ್ಕೆ ಒಪ್ಪಿಸಿದ ಪತ್ರದಲ್ಲಿ ಹೀಗೆ ಮುಚ್ಚಿದ ಸಾಲುಗಳನ್ನು ಪತ್ರಿಕಾವರದಿಗಾರರು ನಕಲು ಮಾಡಿ ಅಂಟಿಸಿಯೇ ಓದಿಬಿಟ್ಟರು. ಮೇಲೆ ಹೇಳಿದ ಡಿಕ್ಲರೇಶನ್ ಅರ್ಜಿಗಳಂತಹವುಗಳಲ್ಲಿ ಹೆಸರುಗಳನ್ನು ಮರೆಸಬೇಕಾದಾಗ ಲಿಬ್ರೆ ಆಫೀಸಿನಲ್ಲಿ 2019ರಿಂದ ಇರುವ ‘ರಿಡಾಕ್ಟ್’ ಎಂಬ ಉಪಕರಣವನ್ನೇ ಬಳಸಬೇಕು. ಅದು ಪುಟವನ್ನು ಚಿತ್ರವಾಗಿ ಮಾರ್ಪಡಿಸಿ, ಮುಚ್ಚಿದ ಅಕ್ಷರಗಳನ್ನು ನಿಜವಾಗಿ ಇಲ್ಲವಾಗಿಸುತ್ತದೆ.

ಅಕ್ಷರದ ಆಕೃತಿಯೂ ಸಾಕ್ಷಿ ನುಡಿಯುತ್ತದೆ. ಗಂಗರ ತಾಮ್ರಶಾಸನಗಳಲ್ಲಿ ಅನೇಕವು ಕೂಟಶಾಸನಗಳೆಂದು ಫ್ಲೀಟರು ವಾದಿಸಿದುದೂ, ರೈಸರು ಅದನ್ನು ಒಪ್ಪದುದೂ ಕರ್ನಾಟಕದ ಇತಿಹಾಸವನ್ನು ಓದಿದವರಿಗೆ ತಿಳಿದ ಸಂಗತಿ. ಶಾಸನದಲ್ಲಿ ಹೇಳಿದ ಕಾಲಕ್ಕೂ ಅದರ ಲಿಪಿಯ ಕಾಲಕ್ಕೂ ಹೊಂದಿಕೆಯಿಲ್ಲವೆಂಬುದು ಆ ವಾದದ ಆಧಾರಗಳಲ್ಲೊಂದು. ಇದೇ ತರ್ಕವನ್ನು 2017ರಲ್ಲಿ ಪಾಕಿಸ್ತಾನದ ಪನಾಮಾ ಪ್ರಕರಣದ ತನಿಖಾತಂಡವು ಅನುಸರಿಸಿತು. 2006ರ ಫೆಬ್ರವರಿಯ ತೇದಿಯಿದ್ದ ಪತ್ರವೊಂದು ಕ್ಯಾಲಿಬ್ರಿ ಎಂಬ ಅಕ್ಷರಮಾದರಿಯಲ್ಲಿತ್ತು. ಆ ಅಕ್ಷರಮಾದರಿಯು ಸಾರ್ವಜನಿಕರಿಗೆ ಮಾರಾಟಕ್ಕೆ ಬಂದುದು 2007ರ ಆರಂಭದಲ್ಲಿ. ಪರೀಕ್ಷಾರೂಪದಲ್ಲಿ ಅದು ಮೊದಲೇ ದೊರೆಯುತ್ತಿತ್ತೆಂಬ ಪ್ರತಿವಾದವೂ ಬಂದಿತು. ವಾದಪ್ರತಿವಾದಗಳ ಈ ಸ್ವರೂಪವು ಕೂಡ ನಮ್ಮ ಶಾಸ್ತ್ರಕ್ಕೆ ಹೊಸದಲ್ಲ.

ಮೂಲವನ್ನು ಮೂಲವಾಗಿಯೇ ಉಳಿಸಿಕೊಳ್ಳಲು ಒಂದು ಸುಲಭೋಪಾಯವಿದೆ. ದೊರೆತ ಕಡತವನ್ನು ಮುಟ್ಟದೆ ಒಂದು ಕಡೆ ಇಟ್ಟು, ಅದರ ‘ಎಸ್.ಎಚ್.ಎ.-256’ ಮುದ್ರೆಯನ್ನು ತೆಗೆದಿಡುವುದು. ಇದು ಕಡತದ ಸಮಸ್ತ ಸಂಕೇತಗಳಿಂದ ಲೆಕ್ಕಹಾಕಿದ 64 ಅಂಕಾಕ್ಷರಗಳ ಸಾಲು. ಒಂದು ಅಲ್ಪವಿರಾಮವನ್ನು ಬದಲಿಸಿದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ಲೆಕ್ಕಹಾಕುವ ಸಾಧನವು ವಿಂಡೋಸಿನಲ್ಲಿಯೂ ಲಿನಕ್ಸಿನಲ್ಲಿಯೂ ಮೊದಲೇ ಇರುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವು ವಿದ್ಯುನ್ಮಾನ ದಾಖಲೆಗಳ ಪ್ರಮಾಣಪತ್ರದಲ್ಲಿ ಇಂತಹ ಮುದ್ರೆಯನ್ನು ನಮೂದಿಸಲು ವಿಧಿಸಿರುವುದನ್ನು ನೋಡಿದರೆ ಇದರ ತೂಕವು ಗೊತ್ತಾಗುತ್ತದೆ. ಹುಡುಕುವ ಪಾಠವನ್ನು ಸೇರಿಸಿದ ಪ್ರತಿ, ಟಿಪ್ಪಣಿ ಹಚ್ಚಿದ ಪ್ರತಿ ಇವೆಲ್ಲ ಬೇರೆ ಬೇರೆ ಹೆಸರಿನಲ್ಲಿರಬೇಕು. ಸರಕಾರಿ ಕಚೇರಿಯಿಂದ ಬಂದ, ಅಂಕೀಯ ಸಹಿಯುಳ್ಳ ಪತ್ರವನ್ನು ಯಾವ ರೀತಿ ತಿದ್ದಿದರೂ ಸಹಿಯ ಸಿಂಧುತ್ವವು ಹೋಗುವುದಲ್ಲದೆ, ಅಂತಹ ತಿದ್ದುಪಡಿಯು ಕೂಟಲೇಖ್ಯದ ಅಪರಾಧವೂ ಆದೀತು. ಹಕ್ಕುಸ್ವಾಮ್ಯದ ಮಾತನ್ನು ಇಲ್ಲಿ ಬೆಳೆಸುವುದಿಲ್ಲ. ಲೇಖಕನು ತೀರಿಕೊಂಡ ಮೇಲೆ 60 ವರ್ಷಗಳವರೆಗೆ ಅದು ಉಳಿಯುತ್ತದೆಂಬುದನ್ನೂ, ಪುತ್ತೂರಿನಲ್ಲಿ ಬಾಳಿದ ಶಿವರಾಮ ಕಾರಂತರು ತೀರಿಕೊಂಡುದು 1997ರಲ್ಲಿ ಎಂಬುದನ್ನೂ ನೆನಪಿಟ್ಟರೆ ಸದ್ಯಕ್ಕೆ ಸಾಕು.

ನಾವೇ ಹೊಸದಾಗಿ ರಚಿಸುವ ದಾಖಲೆಗಳ ವಿಷಯದಲ್ಲಿ ಈ ಕಷ್ಟಗಳನ್ನು ಮೊದಲೇ ತಪ್ಪಿಸಬಹುದು. ವಿಭಾಗದ ಸಂಪ್ರಬಂಧಗಳನ್ನು ಯೂನಿಕೋಡಿನಲ್ಲಿಯೇ ಬರೆಯಿಸಿ, ಲಿಬ್ರೆ ಆಫೀಸಿನಿಂದ ಪಿ.ಡಿ.ಎಫ್. ಮಾಡುವಾಗ ‘ಹೈಬ್ರಿಡ್ ಪಿ.ಡಿ.ಎಫ್.’ ಎಂಬ ಆಯ್ಕೆಗೆ ಗುರುತು ಹಾಕಿದರೆ, ತಿದ್ದಲು ಬರುವ ಮೂಲಬರಹವೂ ಅದೇ ಕಡತದೊಳಗೆ ಅಡಕವಾಗುತ್ತದೆ. ಓದುವವರಿಗೆ ಅದು ಸ್ಥಿರವಾದ ಪುಟ. ಲಿಬ್ರೆ ಆಫೀಸಿನಲ್ಲಿ ತೆರೆದವರಿಗೆ ತಿದ್ದಬಹುದಾದ ಬರಹ. ಸುಳ್ಯದ ಅರೆಭಾಷೆಯ ಕತೆಗಳನ್ನೋ ತುಳುವಿನ ಪಾಡ್ದನಗಳನ್ನೋ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವ ವಿದ್ಯಾರ್ಥಿಗಳಿಗೆ ಇದು ವಿಶೇಷವಾಗಿ ಅಗತ್ಯ. ಕನ್ನಡದ ಮಾದರಿಯ ಮೇಲೆ ಪಳಗಿದ ಅಕ್ಷರವಾಚಕವು ಆ ಭಾಷೆಗಳ ಪದಗಳನ್ನು ಕನ್ನಡದ ರೂಢಿಯ ಕಡೆಗೆ ಎಳೆಯುವ ಸಂಭವವಿರುವುದರಿಂದ, ಒಮ್ಮೆ ಮೂಲಬರಹವು ಕಳೆದು ಬರಿಯ ಚಿತ್ರವು ಉಳಿದರೆ ಪಾಠವನ್ನು ಮರಳಿ ಪಡೆಯುವುದು ಕಷ್ಟ. ತುಳು-ತಿಗಳಾರಿ ಲಿಪಿಗೆ ಯೂನಿಕೋಡಿನಲ್ಲಿ ಸ್ಥಾನ ದೊರೆತುದು 2024ರ ಸೆಪ್ಟೆಂಬರಿನಲ್ಲಿ. ಆ ಲಿಪಿಯ ತಾಳೆಗರಿಗಳ ಪ್ರತಿಗಳನ್ನು ತೆಗೆಯುವವರು ಗರಿಯ ಚಿತ್ರವನ್ನೂ ಕನ್ನಡ ಲಿಪ್ಯಂತರವನ್ನೂ ಒಂದೇ ಪಿ.ಡಿ.ಎಫ್.ನಲ್ಲಿ ಎದುರುಬದುರು ಪುಟಗಳಾಗಿ ಜೋಡಿಸಿಟ್ಟರೆ, ಹೊಸ ಸಂಕೇತಗಳ ಅಕ್ಷರಮಾದರಿಗಳು ಬಳಕೆಗೆ ಬಂದಾಗ ಮೂರನೆಯ ಪದರವನ್ನು ಸೇರಿಸಿಕೊಳ್ಳಬಹುದು.